1899ರ ಒಂದು ಪತ್ರ: ಯಹೂದಿಗಳೂ ಪ್ಯಾಲೆಸ್ಟೀನಿಯರೂ ಒಬ್ಬರಿಗೊಬ್ಬರು ಅರ್ಥವೇ ಆಗಿರಲಿಲ್ಲವೇ?

ತುಂಗಾತೀರ:

ಇಸ್ರೇಲ್-ಪ್ಯಾಲೆಸ್ಟೀನ್ ಮಾತು ಬಂದಾಗಲೆಲ್ಲ ಒಂದು ವಾಕ್ಯ ತಪ್ಪದೆ ಬರುತ್ತದೆ. "ಶುರುವಿನಲ್ಲೇ ಕೂತು ಮಾತಾಡಿ, ಒಬ್ಬರನ್ನೊಬ್ಬರು ಅರ್ಥ ಮಾಡಿಕೊಂಡಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ." ಕೇಳೋಕೆ ಚೆನ್ನಾಗಿದೆ. ಹಳೆಯ ಕಾಗದಪತ್ರ ನೋಡಿದರೆ ನಿಲ್ಲುವುದಿಲ್ಲ.

1899ರ ಮಾರ್ಚ್ 1ರಂದು ಯೂಸುಫ್ ದಿಯಾ ಅಲ್-ಖಾಲಿದಿ ಎಂಬುವರು ಫ್ರಾನ್ಸಿನ ಮುಖ್ಯ ರಬ್ಬಿ (ಯಹೂದಿ ಧರ್ಮಗುರು) ಝಾದೋಕ್ ಕಾನ್ ಅವರಿಗೆ ಫ್ರೆಂಚ್‌ನಲ್ಲಿ ಒಂದು ಪತ್ರ ಬರೆದರು. ಅದು ಥಿಯೋಡರ್ ಹರ್ಜಲ್ ಕೈಸೇರಬೇಕು ಅನ್ನುವುದೇ ಉದ್ದೇಶ. ಖಾಲಿದಿ ಯಾರೋ ದಾರಿಹೋಕ ಅಲ್ಲ. ಜೆರುಸಲೇಮಿನ ಮೇಯರ್ ಆಗಿದ್ದವರು, ಆಗ ಆ ನಾಡನ್ನು ಆಳುತ್ತಿದ್ದ ತುರ್ಕರ ಒಟ್ಟೋಮನ್ ಸಾಮ್ರಾಜ್ಯದ 1877ರ ಸಂಸತ್ತಿನಲ್ಲಿ ಆ ಊರಿನ ಪ್ರತಿನಿಧಿ, ವಿಯೆನ್ನಾದಲ್ಲಿ ಇದ್ದು ಬಂದವರು. ಹರ್ಜಲ್ ಎರಡು ವರ್ಷ ಹಿಂದೆ ಬಾಸೆಲ್‌ನಲ್ಲಿ ಮೊದಲ ಜಿಯೋನಿಸ್ಟ್ ಸಮಾವೇಶ ಕರೆದು, ಪ್ಯಾಲೆಸ್ಟೀನಿನಲ್ಲಿ ಯಹೂದಿಗಳಿಗೆ ಕಾನೂನಿನ ರಕ್ಷಣೆಯಿರುವ ನೆಲೆ ಬೇಕು ಎಂದು ನಿರ್ಣಯ ಮಾಡಿಸಿದ್ದರು.

ಖಾಲಿದಿ ಬರೆದದ್ದರ ಸಾರ ಇಷ್ಟು. ನಿಮ್ಮ ಯೋಚನೆ ಸಹಜವಾದದ್ದು, ನ್ಯಾಯವಾದದ್ದು. ಆ ನೆಲದ ಜೊತೆ ನಿಮಗಿರುವ ನಂಟನ್ನು ಯಾರು ಅಲ್ಲಗಳೆಯುತ್ತಾರೆ, ಚರಿತ್ರೆ ನೋಡಿದರೆ ಅದು ನಿಮ್ಮ ದೇಶವೇ. ಆದರೆ ಈಗ ಅಲ್ಲಿ ಬೇರೆ ಜನ ಬದುಕುತ್ತಿದ್ದಾರೆ. ಅವರು ಒಪ್ಪುವುದಿಲ್ಲ. ದೇವರಾಣೆಗೂ ಪ್ಯಾಲೆಸ್ಟೀನನ್ನು ಅದರ ಪಾಡಿಗೆ ಬಿಟ್ಟುಬಿಡಿ.

ಅದೇ ತಿಂಗಳು 19ಕ್ಕೆ ಹರ್ಜಲ್ ಉತ್ತರ ಬರೆದರು. ಯಹೂದಿಗಳು ದುಡ್ಡು, ಬುದ್ಧಿ, ಉದ್ಯಮ ತರುತ್ತಾರೆ, ಅಲ್ಲಿನವರ ಆಸ್ತಿಯ ಬೆಲೆ ಏರುತ್ತದೆ, ಅವರನ್ನು ಹೊರಗೆ ಕಳಿಸುವ ಯೋಚನೆ ಯಾರಿಗಿದೆ, ಅಂತ. ಗಮನಿಸಿ: ಖಾಲಿದಿ ಕೇಳಿದ್ದು ಆ ನಾಡು ಯಾರ ಕೈಯಲ್ಲಿರುತ್ತದೆ ಅನ್ನುವುದನ್ನು. ಹರ್ಜಲ್ ಕೊಟ್ಟದ್ದು ಆಸ್ತಿ ಬೆಲೆಯ ಲೆಕ್ಕ.

ಇದೊಂದೇ ಅಲ್ಲ. 1891ರಲ್ಲಿ ಅಹದ್ ಹಾಮ್ ಅನ್ನುವ ಯಹೂದಿ ಚಿಂತಕ ಪ್ಯಾಲೆಸ್ಟೀನ್ ಸುತ್ತಿ ಬಂದು ಬರೆದರು. ಹೊರಗಿರುವ ನಾವು ಅದು ಪಾಳುಭೂಮಿ ಅಂದುಕೊಂಡಿದ್ದೇವೆ, ಉಳುಮೆಯಾಗದೆ ಬಿದ್ದಿರುವ ಒಳ್ಳೆಯ ಹೊಲ ಸಿಗುವುದೇ ಅಲ್ಲಿ ಕಷ್ಟ, ಎಂದು. 1923ರಲ್ಲಿ ಜಿಯೋನಿಸ್ಟ್ ನಾಯಕ ಜಬೋಟಿನ್‌ಸ್ಕಿ ಇನ್ನೂ ಬಿಚ್ಚಿ ಹೇಳಿದರು. ಹೊರಗಿನವರು ಬಂದು ನೆಲೆಸುವುದನ್ನು ಯಾವ ನಾಡಿನ ಜನವೂ ತಾವಾಗಿ ಒಪ್ಪಿದ್ದಿಲ್ಲ, ಅರಬರೂ ಒಪ್ಪುವುದಿಲ್ಲ, ಹಾಗಾಗಿ ನಮಗೆ ಬಲದ ಗೋಡೆ ಬೇಕು, ಎಂದು.

ಅಂದರೆ ಬುದ್ಧಿವಂತರಿಗೆಲ್ಲ ಮೊದಲೇ ಗೊತ್ತಿತ್ತು. ಒಂದೇ ನೆಲದ ಮೇಲೆ ಎರಡು ನಿಜವಾದ ಆಸೆ ಇತ್ತು, ಅದು ಎರಡು ಕಡೆಗೂ ತಿಳಿದಿತ್ತು. "ಅಲ್ಲಿ ಯಾರೂ ಇರಲಿಲ್ಲ", "ಅವರು ಒಂದು ಜನಾಂಗವೇ ಅಲ್ಲ" ಅನ್ನುವ ಕಥೆಗಳು ಜೋರಾದದ್ದು ಆಮೇಲೆ. ಈ ತಿಳಿದಿದ್ದನ್ನು ಮರೆಯೋಕೆ ಬೇಕಾದ ಕಥೆಗಳು ಅವು ಎಂದು ನನ್ನ ಅನಿಸಿಕೆ.

2023ರ ಅಕ್ಟೋಬರ್ ಮತ್ತು ಆಮೇಲಿನ ಗಾಜಾ ಬಗ್ಗೆ ಬೇರೆ ಚರ್ಚೆ ನಡೆದಿದೆ. ಇಲ್ಲಿ ಹಳೆಯದಕ್ಕೆ ನಿಲ್ಲೋಣ.

ಸೀದಾ_ಮಾತು:

ಹರ್ಜಲ್ ಉತ್ತರವನ್ನು ನೀವು ತುಂಬಾ ಮೃದುವಾಗಿ ಓದಿದ್ದೀರಿ ಸರ್. 1895ರ ಜೂನ್‌ನಲ್ಲಿ ಇದೇ ಮನುಷ್ಯ ತನ್ನ ದಿನಚರಿಯಲ್ಲಿ ಬಡ ಜನರನ್ನು ಸದ್ದಿಲ್ಲದೆ ಗಡಿಯಾಚೆ ಸಾಗಿಸಬೇಕು ಎಂದು ಬರೆದುಕೊಂಡಿದ್ದಾನೆ. ಖಾಲಿದಿಗೆ ಬರೆದದ್ದು ಬರೀ ಮೇಲ್ಮಾತು.

ಇತಿಹಾಸ_ಮೇಷ್ಟ್ರು:

ಆ ದಿನಚರಿ ಸಾಲು ಎಲ್ಲ ಕಡೆ ಓಡಾಡುತ್ತದೆ. ಅದನ್ನು ಬರೆಯುವ ಹೊತ್ತಿಗೆ ಹರ್ಜಲ್ ಇನ್ನೂ ಜಾಗವನ್ನೇ ಗಟ್ಟಿ ಮಾಡಿಕೊಂಡಿರಲಿಲ್ಲ. ಅರ್ಜೆಂಟೀನಾ ಕೂಡ ತಲೆಯಲ್ಲಿತ್ತು. ಹಾಗಾಗಿ ಅದು ಪ್ಯಾಲೆಸ್ಟೀನಿನ ಅರಬರ ಬಗ್ಗೆಯೇ ಅಂತ ಖಚಿತವಾಗಿ ಹೇಳೋಕೆ ಆಗಲ್ಲ, ಇತಿಹಾಸಕಾರರಲ್ಲೇ ಜಗಳವಿದೆ. ಅಲ್ಲಿನವರನ್ನು ಅವರು ಹೇಗೆ ನೋಡುತ್ತಿದ್ದರು ಅನ್ನುವುದಕ್ಕೆ ಅದು ಸಾಕ್ಷಿ ಅಂದರೆ ಒಪ್ಪುತ್ತೇನೆ. ಆದರೆ 1948ರ ಯುದ್ಧದಲ್ಲಿ ಪ್ಯಾಲೆಸ್ಟೀನಿಯರು ಊರು ಬಿಡಬೇಕಾಗಿ ಬಂದದ್ದರ ನಕಾಶೆ ಅಲ್ಲಿದೆ ಅಂದರೆ ಒಪ್ಪಲ್ಲ.

ಮಲ್ಲಿಗೆ_ಎಸಳು:

ಹರ್ಜಲ್‌ನಿಂದ ಶುರು ಮಾಡಿದರೆ ಜಿಯೋನಿಸಂ ಅನ್ನುವುದು ಒಬ್ಬ ಪತ್ರಕರ್ತನ ತಲೆಯಲ್ಲಿ ಹುಟ್ಟಿದ ಯೋಜನೆಯಂತೆ ಕಾಣುತ್ತದೆ. ಅದಕ್ಕೆ ಮೊದಲು 1881ರಲ್ಲಿ ರಷ್ಯಾದಲ್ಲಿ ಏನಾಯ್ತು ನೋಡಿ. ತ್ಸಾರ್ ಎರಡನೇ ಅಲೆಕ್ಸಾಂಡರನ ಕೊಲೆಯಾದ ಮೇಲೆ ಊರೂರಲ್ಲಿ ಯಹೂದಿಗಳ ಮೇಲೆ ದಾಳಿ. 1903ರಲ್ಲಿ ಕಿಶಿನೆವ್ ಊರಿನಲ್ಲಿ ಮತ್ತೆ ಅಂಥದ್ದೇ ದಾಳಿ. ಫ್ರಾನ್ಸಿನಂಥ ದೇಶದಲ್ಲೇ ಯಹೂದಿ ಸೇನಾಧಿಕಾರಿಯ ಮೇಲೆ ಸುಳ್ಳು ದೇಶದ್ರೋಹ ಹೊರಿಸಿದ ಡ್ರೇಫಸ್ ಪ್ರಕರಣ. ಯುರೋಪಿನಲ್ಲಿ ಎಷ್ಟೇ ಒಳ್ಳೆಯ ಪ್ರಜೆಯಾದರೂ ಬಿಡುವುದಿಲ್ಲ ಅನ್ನುವುದು ಅವರಿಗೆ ಅನುಭವದಿಂದ ಬಂದ ಪಾಠ.

ಇನ್ನೊಂದು ಸಂಗತಿ. 1881ರಿಂದ 1914ರವರೆಗೆ ಪೂರ್ವ ಯುರೋಪ್ ಬಿಟ್ಟ ಯಹೂದಿಗಳು 20 ಲಕ್ಷಕ್ಕೂ ಜಾಸ್ತಿ. ಬಹುಪಾಲು ಜನ ಹೋದದ್ದು ಅಮೆರಿಕಕ್ಕೆ. ಪ್ಯಾಲೆಸ್ಟೀನಿಗೆ ಹೋದದ್ದು ಕೆಲವೇ ಹತ್ತು ಸಾವಿರಗಳು. ಅಂದರೆ ಆಯ್ಕೆ ಇದ್ದಾಗ ಅವರು ಕನಸಿನ ಹಿಂದೆ ಹೋಗಲಿಲ್ಲ, ಹೊಟ್ಟೆಪಾಡಿನ ಹಿಂದೆ ಹೋದರು. 1924ರಲ್ಲಿ ಅಮೆರಿಕ ಬಾಗಿಲು ಹಾಕಿತು. 1933ರಲ್ಲಿ ಹಿಟ್ಲರ್ ಬಂದ. 1938ರ ಜುಲೈನಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶ ಸೇರಿ ಯಹೂದಿ ನಿರಾಶ್ರಿತರಿಗೆ ಅಯ್ಯೋ ಪಾಪ ಅಂದವು. ಡೊಮಿನಿಕನ್ ರಿಪಬ್ಲಿಕ್ ಬಿಟ್ಟರೆ ದೊಡ್ಡ ಸಂಖ್ಯೆಯಲ್ಲಿ ಬನ್ನಿ ಅಂದವರಿಲ್ಲ. ಪ್ಯಾಲೆಸ್ಟೀನಿಗೆ ಬಂದವರಲ್ಲಿ ಎಷ್ಟು ಜನ ಸಿದ್ಧಾಂತಕ್ಕೆ ಬಂದರು, ಎಷ್ಟು ಜನ ಬೇರೆ ಗತಿಯಿಲ್ಲದೆ ಬಂದರು? ಇದನ್ನು ಬಿಟ್ಟು "ವಸಾಹತುಶಾಹಿಗಳು" ಅನ್ನೋದು ಅರ್ಧ ಸತ್ಯ.

ಸೀದಾ_ಮಾತು:

ಒಂದು ಮನೆ ಇದೆ ಅಂದ್ಕೊಳ್ಳಿ. ಸಾವಿರದ ಎಂಟುನೂರು ವರ್ಷ ಹಿಂದೆ ಬಿಟ್ಟುಹೋದವರ ಮೊಮ್ಮಕ್ಕಳು ಬಂದು, ಪಕ್ಕದ ಬೀದಿಯವರು ನಮ್ಮನ್ನು ಹೊಡೆದರು, ಅದಕ್ಕೆ ಈ ಮನೆ ನಮ್ಮದು ಅಂದರೆ? ಹೊಡೆದವರು ಪಕ್ಕದ ಬೀದಿಯವರು. ಮನೆ ಬಿಡಬೇಕಾದವರು ಇವರು.

ಮಲ್ಲಿಗೆ_ಎಸಳು:

ಅಲ್ಲಿ ಯಹೂದಿಗಳು ಯಾವತ್ತೂ ಪೂರ್ತಿ ಖಾಲಿಯಾಗಿರಲಿಲ್ಲವಲ್ಲ. ಹೆಬ್ರಾನ್, ಸಫೇದ್, ಟೈಬೀರಿಯಸ್, ಜೆರುಸಲೇಮ್. ಹತ್ತೊಂಬತ್ತನೇ ಶತಮಾನದ ಕೊನೆಗೆ ಜೆರುಸಲೇಮಿನಲ್ಲಿ ಯಹೂದಿಗಳೇ ಜಾಸ್ತಿ ಇದ್ದರು, ಹರ್ಜಲ್ ಹೆಸರು ಯಾರೂ ಕೇಳುವ ಮೊದಲೇ.

ಇತಿಹಾಸ_ಮೇಷ್ಟ್ರು:

ಇಬ್ಬರೂ ಸರಿ, ಆದರೆ ಇಡೀ ನಾಡಿನ ಲೆಕ್ಕ ಬೇರೆ. ಬ್ರಿಟಿಷರ 1922ರ ಜನಗಣತಿ ಪ್ರಕಾರ ಒಟ್ಟು ಸುಮಾರು 7.5 ಲಕ್ಷ ಜನ. ಯಹೂದಿಗಳು ಸುಮಾರು 84 ಸಾವಿರ, ನೂರಕ್ಕೆ 11. 1931ಕ್ಕೆ 10.3 ಲಕ್ಷದಲ್ಲಿ 1.75 ಲಕ್ಷ. 1947ಕ್ಕೆ ಮೂರರಲ್ಲಿ ಒಂದು ಪಾಲು. ಒಂದು ತಲೆಮಾರಿನಲ್ಲಿ ಇಷ್ಟು ಬದಲಾದರೆ ಅಲ್ಲಿದ್ದವರಿಗೆ ಭಯ ಹುಟ್ಟದೆ ಇರುತ್ತದೆಯೇ?

ಗೇಣಿದಾರನ_ಮಗ:

"ಅವರು ದುಡ್ಡು ಕೊಟ್ಟು ಭೂಮಿ ಕೊಂಡರು, ಕದ್ದಿಲ್ಲ" ಅನ್ನುವ ಮಾತು ಇನ್ನೂ ಬಂದಿಲ್ಲ, ಬರುವ ಮೊದಲೇ ನಾನು ಬರೆದುಬಿಡುತ್ತೇನೆ.

ಕೊಂಡದ್ದು ನಿಜ. ಯಾರಿಂದ ಕೊಂಡರು? ಮರ್ಜ್ ಇಬ್ನ್ ಆಮಿರ್ ಅನ್ನುವ ಬಯಲಿನ ದೊಡ್ಡ ಭಾಗ ಬೈರೂತಿನಲ್ಲಿ ಕೂತ ಸುರ್ಸೋಕ್ ಮನೆತನದ ಹೆಸರಿನಲ್ಲಿತ್ತು. ಯಹೂದಿಗಳು ಅದನ್ನು ಜೆಜ್ರೀಲ್ ಕಣಿವೆ ಅನ್ನುತ್ತಾರೆ. 1858ರ ಒಟ್ಟೋಮನ್ ಭೂ ಕಾನೂನು ಬಂದಾಗ ರೈತರು ತೆರಿಗೆ, ಸೈನ್ಯದ ಕರೆ ಎರಡಕ್ಕೂ ಹೆದರಿ ತಮ್ಮ ಹೆಸರು ಬರೆಸಲಿಲ್ಲ. ಊರ ದೊಡ್ಡವರು, ಪೇಟೆ ಸಾಹುಕಾರರು ಬರೆಸಿಕೊಂಡರು. ಕಾಗದದಲ್ಲಿ ಸಾಹುಕಾರ, ಹೊಲದಲ್ಲಿ ರೈತ. ಸಾಹುಕಾರ ಮಾರಿದ, ರೈತ ಬೀದಿಗೆ ಬಂದ.

ಇದು ನಮಗೆ ಹೊಸದಾ? 1974ರ ಭೂಸುಧಾರಣೆಗೆ ಮೊದಲು ಗೇಣಿ ಮಾಡಿದ ಯಾವ ಮನೆಯವರನ್ನಾದರೂ ಕೇಳಿ. ಪಹಣಿಯಲ್ಲಿ ಯಾರ ಹೆಸರಿತ್ತು, ಉಳುತ್ತಿದ್ದವರು ಯಾರು ಅಂತ.

ಅಲ್ಲಿ 1910ರಲ್ಲಿ ಅಲ್-ಫೂಲಾ ಅನ್ನುವ ಹಳ್ಳಿಯ ಮಾರಾಟ ನಡೆಯಿತು. ನಜರೇತಿನ ಆಡಳಿತಾಧಿಕಾರಿ ಶುಕ್ರಿ ಅಲ್-ಅಸಲಿ ಪತ್ರ ಮಾಡಿಕೊಡಲ್ಲ ಅಂತ ಕೂತ. ಮೇಲಿನವರು ಅವನ ಮಾತು ನಡೆಯಗೊಡಲಿಲ್ಲ. 1911ರಲ್ಲಿ ಅಲ್ಲಿ ಮೆರ್ಹಾವಿಯಾ ಎಂಬ ಯಹೂದಿ ಊರು ಬಂತು. ಪ್ಯಾಲೆಸ್ಟೀನಿಯರ ರಾಷ್ಟ್ರೀಯತೆ ಪತ್ರಿಕೆ ಕಚೇರಿಯಲ್ಲಿ ಹುಟ್ಟಿತೋ ಹೊಲದಲ್ಲಿ ಹುಟ್ಟಿತೋ ಅಂತ ಕೇಳಿದರೆ ನಾನು ಹೊಲ ಅಂತೀನಿ.

ಬೆಣ್ಣೆದೋಸೆ:

ಎಲ್ಲ ಸರಿ, ಆದರೆ "ಪ್ಯಾಲೆಸ್ಟೀನ್" ಅನ್ನುವ ದೇಶವೇ ಇರಲಿಲ್ಲವಲ್ಲ? ರಾಜ ಇಲ್ಲ, ನಾಣ್ಯ ಇಲ್ಲ, ಬಾವುಟ ಇಲ್ಲ. ಒಟ್ಟೋಮನ್ ಜಿಲ್ಲೆಗಳು ಅಷ್ಟೇ. 1967ರ ಯುದ್ಧದ ನಂತರ ಕಟ್ಟಿದ ಹೆಸರು ಅದು.

ತುಂಗಾತೀರ:

ನಾನು ಮೇಲೆ ಹೇಳಿದ ಮರೆಯೋಕೆ ಬೇಕಾದ ಕಥೆ ಇದೇ. ಜಾಫಾದಲ್ಲಿ 1911ರಲ್ಲಿ ಶುರುವಾದ ಪತ್ರಿಕೆಯ ಹೆಸರೇ ಫಲಸ್ತೀನ್. ನಡೆಸಿದವರು ಅಲ್-ಈಸಾ ಮನೆತನದ ಕ್ರೈಸ್ತರು. ಹೈಫಾದಲ್ಲಿ 1908ರಿಂದ ನಜೀಬ್ ನಸ್ಸಾರರ ಅಲ್-ಕರ್ಮಿಲ್ ಪತ್ರಿಕೆ ಇತ್ತು. 1967 ಎಲ್ಲಿಂದ ಬಂತು?

ಆದರೆ ಇನ್ನೊಂದು ಕಡೆಯವರು ಹೇಳುವಂತೆ ಅನಾದಿ ಕಾಲದಿಂದ ಪ್ಯಾಲೆಸ್ಟೀನ್ ರಾಷ್ಟ್ರ ಇತ್ತು ಅನ್ನುವುದೂ ಸರಿಯಿಲ್ಲ. 1919ರ ಆರಂಭದಲ್ಲಿ ಜೆರುಸಲೇಮಿನಲ್ಲಿ ಸೇರಿದ ಮೊದಲ ಪ್ಯಾಲೆಸ್ಟೀನಿ ಅರಬ್ ಸಮಾವೇಶ ಕೇಳಿದ್ದು ಸಿರಿಯಾ ಜೊತೆ ಸೇರಿಸಿ ಅಂತ. 1920ರ ಜುಲೈನಲ್ಲಿ ಫ್ರೆಂಚರು ಡಮಾಸ್ಕಸ್‌ನಿಂದ ದೊರೆ ಫೈಸಲ್‌ನನ್ನು ಓಡಿಸಿದರು. ಆ ಆಸೆ ಅಲ್ಲಿಗೆ ಮುಗಿಯಿತು. ಅದೇ ಡಿಸೆಂಬರಿನಲ್ಲಿ ಹೈಫಾದಲ್ಲಿ ಸೇರಿದವರು ಪ್ಯಾಲೆಸ್ಟೀನಿಗೇ ಅದರದ್ದೇ ಸರ್ಕಾರ ಬೇಕು ಎಂದರು. ರಾಷ್ಟ್ರಗಳು ಹುಟ್ಟುವುದೇ ಹೀಗೆ, ಒಂದು ದಾರಿ ಮುಚ್ಚಿದಾಗ ಇನ್ನೊಂದು. ಯಹೂದಿ ರಾಷ್ಟ್ರೀಯತೆಯೂ ಹಾಗೆಯೇ ಹುಟ್ಟಿತು, ಯುರೋಪಿನ ದಾರಿ ಮುಚ್ಚಿದ ಮೇಲೆ.

1969ರಲ್ಲಿ ಇಸ್ರೇಲಿನ ಪ್ರಧಾನಿ ಗೋಲ್ಡಾ ಮೇಯರ್ ಪ್ಯಾಲೆಸ್ಟೀನಿಯರು ಅಂತ ಒಂದು ಜನ ಇರಲೇ ಇಲ್ಲ ಎಂಬ ಅರ್ಥದಲ್ಲಿ ಮಾತಾಡಿದರು. ಅದಕ್ಕೆ ಒಂದು ವರ್ಷ ಹಿಂದೆ, 1968ರ ಪ್ಯಾಲೆಸ್ಟೀನ್ ರಾಷ್ಟ್ರೀಯ ಸನ್ನದಿನ 20ನೇ ವಿಧಿ ಯಹೂದಿಗಳದು ಬರೀ ಧರ್ಮ, ರಾಷ್ಟ್ರ ಅಲ್ಲ ಎಂದು ಬರೆದಿತ್ತು. ಎರಡೂ ಪಕ್ಕಪಕ್ಕ ಇಟ್ಟು ಓದಿ. 70 ವರ್ಷ ಹಿಂದಿನ ಖಾಲಿದಿಗೆ ಇವರಿಬ್ಬರಿಗಿಂತ ಜಾಸ್ತಿ ತಿಳುವಳಿಕೆ ಇತ್ತು.

ಕೋಟೆಬಾಗಿಲು:

ಬ್ರಿಟಿಷರನ್ನು ಯಾಕೆ ಎಲ್ಲರೂ ಬಿಟ್ಟುಬಿಟ್ಟಿರಿ? 1915-16ರಲ್ಲಿ ಬ್ರಿಟಿಷ್ ಅಧಿಕಾರಿ ಮೆಕ್‌ಮಹೋನ್ ಮೆಕ್ಕಾದ ಶರೀಫ್ ಹುಸೇನನಿಗೆ ಅರಬ್ ಸ್ವಾತಂತ್ರ್ಯದ ಮಾತು ಕೊಟ್ಟ. 1916ರಲ್ಲಿ ಸೈಕ್ಸ್-ಪಿಕೋ ಒಪ್ಪಂದ, ಫ್ರಾನ್ಸ್ ಜೊತೆ ಅರಬ್ ನಾಡುಗಳ ಹಂಚಿಕೆ. 1917ರ ನವೆಂಬರ್ 2ಕ್ಕೆ ಬ್ರಿಟಿಷ್ ವಿದೇಶಾಂಗ ಮಂತ್ರಿ ಬಾಲ್ಫರ್ ಪತ್ರ, ಯಹೂದಿಗಳಿಗೆ ರಾಷ್ಟ್ರೀಯ ನೆಲೆ. ಆ ಪತ್ರದಲ್ಲಿ ಅಲ್ಲಿನ ನೂರಕ್ಕೆ ತೊಂಬತ್ತು ಜನರಿಗೆ ಹೆಸರೇ ಇಲ್ಲ. "ಯಹೂದಿಗಳಲ್ಲದ ಸಮುದಾಯಗಳು" ಅಂತ ಇದೆ. ಅವರಿಗೆ ನಾಗರಿಕ ಮತ್ತು ಧಾರ್ಮಿಕ ಹಕ್ಕು ಉಂಟು. ರಾಜಕೀಯ ಹಕ್ಕಿನ ಮಾತಿಲ್ಲ.

ಇದನ್ನು ಮಂತ್ರಿಮಂಡಲದ ಒಳಗೆ ಗಟ್ಟಿಯಾಗಿ ವಿರೋಧಿಸಿದವರು ಯಾರು ಗೊತ್ತಾ? ಅದರಲ್ಲಿದ್ದ ಒಬ್ಬನೇ ಯಹೂದಿ, ಎಡ್ವಿನ್ ಮಾಂಟೆಗು. ಹೌದು, ಶಾಲೆಯಲ್ಲಿ ಓದಿದ ಮಾಂಟೆಗು-ಚೆಮ್ಸ್‌ಫರ್ಡ್ ಸುಧಾರಣೆಯ ಮಾಂಟೆಗುವೇ. ಯಹೂದಿಗಳಿಗೆ ಬೇರೆ ದೇಶ ಅಂದರೆ, ಇಂಗ್ಲೆಂಡಿನಲ್ಲಿ ಹುಟ್ಟಿದ ನನ್ನನ್ನು ನಾಳೆ ಪರದೇಶಿ ಅನ್ನುತ್ತಾರೆ ಅನ್ನುವುದು ಅವನ ವಾದ. ಪತ್ರ ಹೊರಬೀಳುವ ಹೊತ್ತಿಗೆ ಅವನು ಭಾರತಕ್ಕೆ ಹೊರಟಾಗಿತ್ತು.

ಸೀದಾ_ಮಾತು:

ಮಾಂಟೆಗು ವಿಷಯ ಗೊತ್ತಿರಲಿಲ್ಲ. ಧನ್ಯವಾದ.

ಹಳೇ_ಜೆಸಿ_ನಗರ:

ಮೈಸೂರು ಲ್ಯಾನ್ಸರ್ಸ್ ಬಗ್ಗೆ ಒಂದು ಮಾತು. 1918ರ ಸೆಪ್ಟೆಂಬರ್ 23ರಂದು ಹೈಫಾ ಗೆದ್ದ ಪಡೆಯಲ್ಲಿ ಜೋಧಪುರದವರ ಜೊತೆ ನಮ್ಮ ಮೈಸೂರಿನ ಕುದುರೆ ಸವಾರರೂ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಈಗ ಇದನ್ನು ಭಾರತ-ಇಸ್ರೇಲ್ ಗೆಳೆತನದ ಮೊದಲ ಅಧ್ಯಾಯ ಅಂತ ಭಾಷಣದಲ್ಲಿ ಹೇಳುತ್ತಾರೆ. ದೆಹಲಿಯ ತೀನ್ ಮೂರ್ತಿ ವೃತ್ತಕ್ಕೆ 2018ರಲ್ಲಿ ಹೈಫಾ ಹೆಸರೂ ಸೇರಿತು. ಸವಾರರು ಹೋದದ್ದು ಯಾವ ಇಸ್ರೇಲಿಗೂ ಅಲ್ಲ, ಆಗ ಅದು ಇರಲೇ ಇಲ್ಲ. ಮಹಾರಾಜರು ಕೊಟ್ಟ ಪಡೆ, ಬ್ರಿಟಿಷರ ಯುದ್ಧ. ಹೈಫಾದ ಅರಬರಿಗೆ ಅದು ತುರ್ಕರು ಹೋಗಿ ಬ್ರಿಟಿಷರು ಬಂದ ದಿನ. ಸತ್ತವರ ಮೇಲೆ ಗೌರವ ಇದೆ, ಕಥೆ ಮಾತ್ರ ಆಮೇಲೆ ಹಚ್ಚಿದ್ದು.

ಕುಂದಾಪ್ರದ_ಸಿಸ್ಟರ್:

ನಾನು ಇಸ್ರೇಲಿನಲ್ಲಿ ಹೋಂ ನರ್ಸ್ ಕೆಲಸದಲ್ಲಿದ್ದೇನೆ. ನಮ್ಮ ಕರಾವಳಿಯವರು ಇಲ್ಲಿ ತುಂಬಾ ಜನ ಇದ್ದೇವೆ. ನೀವೆಲ್ಲ ಯಹೂದಿಗಳು ಅಂದರೆ ಯುರೋಪಿನವರು ಅನ್ನುವ ಹಾಗೆ ಮಾತಾಡುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ನೋಡಿಕೊಳ್ಳುವ ಅಜ್ಜಿ ಹುಟ್ಟಿದ್ದು ಬಾಗ್ದಾದ್‌ನಲ್ಲಿ. ಕೋಪ ಬಂದರೆ ಅರಬ್ಬಿಯಲ್ಲೇ ಬೈಯುವುದು. 1941ರ ಜೂನ್‌ನಲ್ಲಿ ಬಾಗ್ದಾದ್‌ನಲ್ಲಿ ಯಹೂದಿಗಳ ಮೇಲೆ ದೊಡ್ಡ ದಾಳಿ ಆಯ್ತಲ್ಲ, ಇವರು ಅದಕ್ಕೆ ಫರ್ಹೂದ್ ಅನ್ನುತ್ತಾರೆ. ಆಗ ಅಜ್ಜಿ ಚಿಕ್ಕ ಮಗು. ಪಕ್ಕದ ಮನೆಯ ಮುಸ್ಲಿಮರು ಬಚ್ಚಿಟ್ಟುಕೊಂಡರಂತೆ. ಹತ್ತು ವರ್ಷ ಆದಮೇಲೆ ಇರಾಕ್ ಸರ್ಕಾರ ಹೋಗುವವರ ಪೌರತ್ವ ಕಿತ್ತುಕೊಂಡು, ಆಮೇಲೆ ಆಸ್ತಿಯನ್ನೂ ಮುಟ್ಟುಗೋಲು ಹಾಕಿತು. ಒಂದು ಪೆಟ್ಟಿಗೆ ಹಿಡಿದು ವಿಮಾನ ಹತ್ತಿದ್ದು. ಇಲ್ಲಿ ಬಂದು ಡೇರೆಯಲ್ಲಿ ವಾಸ. ಯುರೋಪಿನ ಯಹೂದಿಗಳು ಇವರನ್ನು ಕೀಳಾಗಿ ನೋಡಿದ್ದನ್ನು ಇವತ್ತಿಗೂ ಮರೆತಿಲ್ಲ.

ಅಜ್ಜಿಗೆ ಹರ್ಜಲ್ ಗಿರ್ಜಲ್ ಏನೂ ಬೇಡ. ನಮ್ಮನ್ನು ಓಡಿಸಿದ್ದನ್ನು ಯಾರೂ ಯಾಕೆ ಕೇಳಲ್ಲ ಅನ್ನುತ್ತಾರೆ. ಯೆಮೆನ್, ಮೊರಾಕೊ, ಈಜಿಪ್ಟ್ ಎಲ್ಲ ಕಡೆಯಿಂದ ಬಂದವರ ಮನೆಯಲ್ಲೂ ಇದೇ ಮಾತು.

ಮರಳುಗಾಡು_ಎಂಜಿನಿಯರ್:

ಅಕ್ಕ, ಅಜ್ಜಿಯ ಮಾತು ಕೇಳಿ ಕಷ್ಟ ಆಯ್ತು. ಆದರೆ ನನ್ನ ಜೊತೆ ಕುವೈತಿನಲ್ಲಿ ಕೆಲಸ ಮಾಡಿದವರ ಕಥೆಯನ್ನೂ ಅದರ ಪಕ್ಕದಲ್ಲೇ ಇಡಬೇಕು.

ಅವರಪ್ಪ ಜಾಫಾದ ಕಿತ್ತಳೆ ತೋಟದವರು. 1948ರ ಏಪ್ರಿಲ್-ಮೇನಲ್ಲಿ ಊರು ಬಿದ್ದಾಗ ದೋಣಿಯಲ್ಲಿ ಗಾಜಾಕ್ಕೆ ಹೋದರು, ಅಲ್ಲಿಂದ ಕುವೈತ್. ಬ್ರಿಟಿಷರ ಕಾಲದ ಕಂದಾಯ ರಸೀದಿಗಳನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದರು. ಈ ಗೆಳೆಯ ಹುಟ್ಟಿದ್ದು ಕುವೈತಿನಲ್ಲೇ, ಆದರೂ ಪೌರತ್ವ ಇಲ್ಲ. 1990ಕ್ಕೆ ಮೊದಲು ಅಲ್ಲಿ ಸುಮಾರು ನಾಲ್ಕು ಲಕ್ಷ ಪ್ಯಾಲೆಸ್ಟೀನಿಯರಿದ್ದರು. ಕುವೈತ್ ಮೇಲೆ ದಾಳಿ ಮಾಡಿದ ಇರಾಕಿನ ಸದ್ದಾಂ ಕಡೆ ಪ್ಯಾಲೆಸ್ಟೀನಿಯರ ನಾಯಕ ಅರಾಫತ್ ನಿಂತದ್ದಕ್ಕೆ 1991ರ ನಂತರ ಹೆಚ್ಚಿನವರು ಜಾಗ ಖಾಲಿ ಮಾಡಬೇಕಾಯಿತು. ಈತ ತಿರುಗಿ ಬಂದ ಕೆಲವರಲ್ಲಿ ಒಬ್ಬ. "ಅರಬ್ ಸಹೋದರರು" ಅನ್ನುವ ಮಾತು ಕೇಳಿದರೆ ನಗುತ್ತಿದ್ದ.

ಅಜ್ಜಿಗೆ ಮತ್ತು ಇವನಿಗೆ ಇರುವ ವ್ಯತ್ಯಾಸ ಒಂದೇ. ಅಜ್ಜಿಗೆ 1950ರ ಮರಳುವ ಹಕ್ಕಿನ ಕಾನೂನಿನಿಂದ ನೆಲೆಸುವ ಹಕ್ಕು, 1952ರ ಪೌರತ್ವ ಕಾನೂನಿನಿಂದ ಪೌರತ್ವ ಸಿಕ್ಕಿತು. ಇವನಿಗೆ 1948ರ ಡಿಸೆಂಬರಿನ ವಿಶ್ವಸಂಸ್ಥೆಯ 194ನೇ ನಿರ್ಣಯ ಇದೆ, ಮನೆಗೆ ಹೋಗಲು ಬಯಸುವವರಿಗೆ ಬಿಡಬೇಕು ಅಂತ. ಕಾಗದದಲ್ಲಿ. ಅದೇ 1950ರಲ್ಲಿ ಇಸ್ರೇಲ್ "ಗೈರುಹಾಜರಾದವರ ಆಸ್ತಿ" ಕಾನೂನು ಮಾಡಿ ಅವರಪ್ಪನ ತೋಟ ತೆಗೆದುಕೊಂಡಿತು.

ಕುಂದಾಪ್ರದ_ಸಿಸ್ಟರ್:

ನೀವು ಹೇಳಿದ್ದು ಸುಳ್ಳು ಅನ್ನಲ್ಲ ಅಣ್ಣ. ಒಬ್ಬರ ನೋವಿಂದ ಇನ್ನೊಬ್ಬರದ್ದು ವಜಾ ಆಗಲ್ಲ ಅಷ್ಟೇ. ಇಲ್ಲಿ ಕೆಲವರು "ನಮ್ಮವರು ಬಂದರು, ಅವರು ಹೋದರು, ಲೆಕ್ಕ ಸರಿಯಾಯ್ತು" ಅನ್ನುತ್ತಾರೆ. ಜಾಫಾದವರು ಬಾಗ್ದಾದ್‌ನಲ್ಲಿ ದಾಳಿ ಮಾಡಿರಲಿಲ್ಲವಲ್ಲ.

ಗೇಣಿದಾರನ_ಮಗ:

ಭಾರತದಲ್ಲೂ 1950ರಲ್ಲೇ ವಲಸೆ ಹೋದವರ ಆಸ್ತಿ ಕಾನೂನು ಬಂತು, ಪಾಕಿಸ್ತಾನಕ್ಕೆ ಹೋದವರ ಮನೆಮಠ ಸರ್ಕಾರದ ವಶಕ್ಕೆ. ಆ ಕಾಲವೇ ಹಾಗಿತ್ತು.

ಬೆಣ್ಣೆದೋಸೆ:

1947ರಲ್ಲಿ ವಿಶ್ವಸಂಸ್ಥೆ ಹಂಚಿಕೊಟ್ಟಾಗ ಯಹೂದಿಗಳು ಒಪ್ಪಿದರು, ಅರಬರು ಒಪ್ಪಲಿಲ್ಲ, ಯುದ್ಧಕ್ಕೆ ಹೋಗಿ ಸೋತರು. ಇದಾದರೂ ಸತ್ಯ ತಾನೇ?

ಇತಿಹಾಸ_ಮೇಷ್ಟ್ರು:

ಸತ್ಯ. ಆದರೆ ಹಂಚಿಕೆಯನ್ನೂ ನೋಡಿ. ಯಹೂದಿಗಳು ಜನಸಂಖ್ಯೆಯಲ್ಲಿ ಮೂರರಲ್ಲೊಂದು, ಸ್ವಂತ ಭೂಮಿ ನೂರಕ್ಕೆ 7ರ ಆಸುಪಾಸು. ಸಿಕ್ಕಿದ್ದು ನೂರಕ್ಕೆ 55ರಷ್ಟು. ಅದರಲ್ಲಿ ದೊಡ್ಡ ಪಾಲು ನೆಗೆವ್ ಮರುಭೂಮಿ ಅನ್ನುವುದು ಯಹೂದಿಗಳ ಉತ್ತರ, ಅದೂ ನಿಜ. ಅವರು ಬರುವ ಲಕ್ಷಾಂತರ ನಿರಾಶ್ರಿತರನ್ನು ಲೆಕ್ಕ ಹಾಕಿ ಕೇಳಿದರು. ಅರಬರು ಇದ್ದವರನ್ನು ಲೆಕ್ಕ ಹಾಕಿದರು.

ಈ ವಿಷಯಕ್ಕೆ ವಿಶ್ವಸಂಸ್ಥೆ 11 ದೇಶಗಳ ಸಮಿತಿ ಕಳಿಸಿತ್ತು, ಭಾರತವೂ ಇತ್ತು. ನಮ್ಮ ಪ್ರತಿನಿಧಿ ನ್ಯಾಯಮೂರ್ತಿ ಅಬ್ದುರ್ ರಹಮಾನ್. ಏಳು ದೇಶ ವಿಭಜನೆ ಅಂದವು. ಭಾರತ, ಇರಾನ್, ಯುಗೊಸ್ಲಾವಿಯಾ ಬೇಡ, ಒಂದೇ ಒಕ್ಕೂಟ ಮಾಡಿ ಅಂದವು. 1947ರ ನವೆಂಬರ್ 29ರ ಮತದಾನದಲ್ಲಿ 33-13ರಿಂದ ವಿಭಜನೆ ಗೆದ್ದಿತು. ವಿರುದ್ಧ ಹಾಕಿದ 13ರಲ್ಲಿ ಭಾರತವೂ ಇತ್ತು, ಪಾಕಿಸ್ತಾನವೂ ಇತ್ತು. ಮೂರು ತಿಂಗಳ ಹಿಂದೆ ತಾವೇ ಎರಡಾಗಿ ರಕ್ತ ಹರಿಸಿದವರು ಇನ್ನೊಬ್ಬರಿಗೆ ವಿಭಜನೆ ಬೇಡ ಅಂತ ಒಂದೇ ಕಡೆ ಕೈ ಎತ್ತಿದ್ದು. ಇದನ್ನು ಪಾಠ ಮಾಡುವಾಗ ಹುಡುಗರು ನಂಬಲ್ಲ.

ಇದಕ್ಕೂ ಮುಂಚೆ 1938ರಲ್ಲಿ ಗಾಂಧೀಜಿ ಹರಿಜನ ಪತ್ರಿಕೆಯಲ್ಲಿ ಬರೆದಿದ್ದರು, ಇಂಗ್ಲೆಂಡ್ ಇಂಗ್ಲಿಷರದ್ದಾದ ಹಾಗೆ ಪ್ಯಾಲೆಸ್ಟೀನ್ ಅರಬರದ್ದು ಎಂದು. ಯಹೂದಿಗಳ ಮೇಲೆ ತನಗೆ ಪೂರ್ತಿ ಸಹಾನುಭೂತಿ ಇದೆ ಅಂತಲೂ ಅದೇ ಲೇಖನದಲ್ಲಿದೆ. ಅದನ್ನು ಓದಿ ನೊಂದು ಯಹೂದಿ ತತ್ವಜ್ಞಾನಿ ಮಾರ್ಟಿನ್ ಬೂಬರ್ ಉತ್ತರ ಬರೆದರು. ಬೂಬರ್ ಸ್ವತಃ ಒಂದೇ ದೇಶದಲ್ಲಿ ಇಬ್ಬರೂ ಸಮಾನವಾಗಿರಬೇಕು ಅನ್ನುತ್ತಿದ್ದವರು. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಜೂಡಾ ಮ್ಯಾಗ್ನೆಸ್ ಕೂಡ. ಇವರ ಮಾತನ್ನು ಯಹೂದಿಗಳಲ್ಲಿ ಕೇಳಿದವರು ಕೆಲವೇ ಜನ, ಅರಬರಲ್ಲಿ ಇನ್ನೂ ಕಡಿಮೆ.

ಸೀದಾ_ಮಾತು:

ಇಷ್ಟು ಹೊತ್ತು ಸುಮ್ನೆ ಓದಿದೆ. ನನಗೆ ಬೇಜಾರಾಗುವುದು ಈ "ಅವರದ್ದೂ ಇದೆ, ಇವರದ್ದೂ ಇದೆ" ಧಾಟಿ. 1948ರಲ್ಲಿ ಏಳು ಲಕ್ಷಕ್ಕೂ ಜಾಸ್ತಿ ಜನ ಊರು ಬಿಟ್ಟರು, ನಾನೂರಕ್ಕೂ ಜಾಸ್ತಿ ಹಳ್ಳಿ ಖಾಲಿಯಾದವು. ಒಬ್ಬರಿಗೆ ದೇಶ ಸಿಕ್ಕಿತು, ಸೈನ್ಯ ಸಿಕ್ಕಿತು. ಇನ್ನೊಬ್ಬರಿಗೆ ಡೇರೆ. ಎರಡು ಕಥನ ಅಂತ ಸಮ ತೂಗುವುದೇ ಗೆದ್ದವರ ಪರ ಮಾತಾಡಿದ ಹಾಗೆ.

ಮಲ್ಲಿಗೆ_ಎಸಳು:

ನೀವು ಹೇಳುವ ಯುದ್ಧ ಶುರುವಾಗುವಾಗ ಯಾರು ಗೆಲ್ಲುತ್ತಾರೆ ಎಂದು ಯಾರಿಗೂ ಗೊತ್ತಿರಲಿಲ್ಲ. ಯುರೋಪಿನಲ್ಲಿ 60 ಲಕ್ಷ ಜನ ಸತ್ತು ಮೂರು ವರ್ಷ ಆಗಿತ್ತು. ಪ್ಯಾಲೆಸ್ಟೀನಿಯರ ನಾಯಕ, ಜೆರುಸಲೇಮಿನ ಮುಫ್ತಿ ಹಜ್ ಅಮೀನ್ 1941ರಲ್ಲಿ ಹಿಟ್ಲರನನ್ನೇ ಕಂಡು ಬಂದಿದ್ದ. 1948ರ ಯುದ್ಧದಲ್ಲಿ ಸತ್ತ ಯಹೂದಿಗಳು ಸುಮಾರು 6 ಸಾವಿರ, ನೂರು ಜನರಲ್ಲಿ ಒಬ್ಬರು. ಏಪ್ರಿಲ್ 9ರಂದು ದೇರ್ ಯಾಸೀನ್ ಎಂಬ ಅರಬ್ ಹಳ್ಳಿಯಲ್ಲಿ ಯಹೂದಿ ಪಡೆಗಳು ನೂರಕ್ಕೂ ಹೆಚ್ಚು ಹಳ್ಳಿಗರನ್ನು ಕೊಂದದ್ದು ಎಲ್ಲರಿಗೂ ಗೊತ್ತು. ನಾಲ್ಕೇ ದಿನಕ್ಕೆ ಹದಸ್ಸಾ ಆಸ್ಪತ್ರೆಗೆ ಹೋಗುತ್ತಿದ್ದ ವೈದ್ಯರು, ನರ್ಸ್‌ಗಳ ವಾಹನಗಳ ಮೇಲೆ ಅರಬರು ದಾಳಿ ಮಾಡಿ 70ಕ್ಕೂ ಹೆಚ್ಚು ಜನರನ್ನು ಕೊಂದರು. ಅದು ಎಷ್ಟು ಜನಕ್ಕೆ ಗೊತ್ತು?

ತುಂಗಾತೀರ:

ಸೀದಾ ಅವರ ಮಾತಿನಲ್ಲಿ ಹುರುಳಿದೆ. ಸಮ ತೂಗುವುದು ಬೇರೆ, ಎರಡನ್ನೂ ತಿಳಿಯುವುದು ಬೇರೆ. ಜನ ಊರು ಬಿಟ್ಟದ್ದು ಹೇಗೆ ಅನ್ನುವುದರಲ್ಲಿ ಈಗ ಮೊದಲಿನಷ್ಟು ಕತ್ತಲೆ ಇಲ್ಲ. ಅರಬ್ ನಾಯಕರು ರೇಡಿಯೋದಲ್ಲಿ ಹೋಗಿ ಅಂದರು, ಅದಕ್ಕೆ ಹೋದರು ಅನ್ನುವುದು ದಶಕಗಳ ಕಾಲ ಇಸ್ರೇಲಿನ ಉತ್ತರವಾಗಿತ್ತು. 1980ರ ದಶಕದಲ್ಲಿ ಅಲ್ಲಿನ ದಾಖಲೆ ಮನೆಗಳು ತೆರೆದ ಮೇಲೆ ಬೆನ್ನಿ ಮೋರಿಸ್ ಮುಂತಾದ ಇಸ್ರೇಲಿ ಇತಿಹಾಸಕಾರರೇ ಅದನ್ನು ಅಲುಗಾಡಿಸಿದರು. ಹೆಚ್ಚಿನ ಕಡೆ ಜನ ಹೋದದ್ದು ದಾಳಿಗೆ, ದಾಳಿಯ ಭಯಕ್ಕೆ, ಕೆಲವು ಕಡೆ ನೇರವಾಗಿ ಓಡಿಸಿದ್ದಕ್ಕೆ. ಮೊದಲೇ ಮಾಡಿದ ಒಂದೇ ಯೋಜನೆ ಇತ್ತೇ ಅನ್ನುವುದರಲ್ಲಿ ಮಾತ್ರ ಇನ್ನೂ ಜಗಳವಿದೆ. ಪ್ಯಾಲೆಸ್ಟೀನಿ ಇತಿಹಾಸಕಾರ ವಾಲಿದ್ ಖಾಲಿದಿ ಇತ್ತು ಅನ್ನುತ್ತಾರೆ, ಮೋರಿಸ್ ಇಲ್ಲ ಅನ್ನುತ್ತಾರೆ.

1948ರ ಜುಲೈನಲ್ಲಿ ಲಿಡ್ಡಾ ಮತ್ತು ರಾಮ್ಲೆ ಊರುಗಳಿಂದ ಐವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಇಸ್ರೇಲಿ ಸೈನ್ಯ ಹೊರಹಾಕಿ ಬಿಸಿಲಲ್ಲಿ ನಡೆಸಿತು. ಆ ಆದೇಶಕ್ಕೆ ಸಹಿ ಹಾಕಿದ ಅಧಿಕಾರಿ ಯಿಟ್ಜಾಕ್ ರಾಬಿನ್. ಅವರು 1979ರಲ್ಲಿ ಆತ್ಮಕಥೆಯಲ್ಲಿ ಅದನ್ನು ಬರೆದಾಗ ಇಸ್ರೇಲಿನ ಸೆನ್ಸಾರ್ ಸಮಿತಿ ಆ ಭಾಗ ತೆಗೆಸಿತು. 1993ರ ಸೆಪ್ಟೆಂಬರಿನಲ್ಲಿ ಪ್ರಧಾನಿಯಾಗಿ ಶಾಂತಿ ಒಪ್ಪಂದಕ್ಕೆ ಅರಾಫತ್ ಕೈ ಕುಲುಕಿದ್ದೂ ಇದೇ ರಾಬಿನ್. ಎರಡು ವರ್ಷಕ್ಕೆ ಒಬ್ಬ ಯಹೂದಿಯೇ ಅವರನ್ನು ಗುಂಡಿಟ್ಟು ಕೊಂದ.

ಸೀದಾ_ಮಾತು:

ಆ ಕೈಕುಲುಕಿನ ಹಿಂದಿನ ಪತ್ರಗಳನ್ನೂ ಓದಿ. ಅರಾಫತ್ ಬರೆದದ್ದು ಇಸ್ರೇಲ್ ದೇಶಕ್ಕೆ ಇರುವ ಹಕ್ಕನ್ನು ಒಪ್ಪುತ್ತೇವೆ ಅಂತ. ರಾಬಿನ್ ಬರೆದದ್ದು ಅರಾಫತ್ ನಡೆಸುತ್ತಿದ್ದ ಪಿಎಲ್‌ಒ (ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆ) ಪ್ಯಾಲೆಸ್ಟೀನಿಯರ ಪ್ರತಿನಿಧಿ ಎಂದು ಒಪ್ಪುತ್ತೇವೆ ಅಂತ. ದೇಶದ ಮಾತೇ ಇಲ್ಲ. ನೀವು 1899ರಲ್ಲಿ ಹರ್ಜಲ್ ತಪ್ಪಿಸಿಕೊಂಡ ಅಂದ ಪ್ರಶ್ನೆಯನ್ನು ಇಲ್ಲೂ ತಪ್ಪಿಸಿಕೊಂಡರು. ಇಸ್ರೇಲಿನ 2018ರ ಕಾನೂನಿನಲ್ಲಂತೂ ಆ ದೇಶದಲ್ಲಿ ಸ್ವನಿರ್ಣಯದ ಹಕ್ಕು ಯಹೂದಿಗಳಿಗೆ ಮಾತ್ರ ಅಂತ ಬರೆದೇ ಬಿಟ್ಟರು.

ಮಲ್ಲಿಗೆ_ಎಸಳು:

ಹಮಾಸ್‌ನ 1988ರ ಸನ್ನದು ಆ ನೆಲವೆಲ್ಲ ಮುಸ್ಲಿಮರ ವಕ್ಫ್, ಒಂದಿಂಚೂ ಬಿಡುವಂತಿಲ್ಲ ಅಂತ ಬರೆದದ್ದು ಅದಕ್ಕೂ ಮೂವತ್ತು ವರ್ಷ ಹಿಂದೆ. ಅದರ ಪಕ್ಕ ಇದನ್ನೂ ಹಾಕಿ.

ಸೀದಾ_ಮಾತು:

ಹಾಕಿ. ಅದೇ 1988ರ ನವೆಂಬರಿನಲ್ಲಿ ಅಲ್ಜಿಯರ್ಸ್‌ನಲ್ಲಿ ಪಿಎಲ್‌ಒ ಸ್ವಾತಂತ್ರ್ಯ ಘೋಷಿಸುವಾಗ 1947ರ ವಿಭಜನೆ ನಿರ್ಣಯವನ್ನೇ ಆಧಾರ ಮಾಡಿಕೊಂಡಿತು, ಅದನ್ನೂ ಹಾಕಿ. ನಲವತ್ತು ವರ್ಷ ಬೇಡ ಅಂದದ್ದನ್ನು ಒಪ್ಪಿದ್ದು ಸಣ್ಣ ಮಾತಲ್ಲ.

ಇತಿಹಾಸ_ಮೇಷ್ಟ್ರು:

ಪಕ್ಕಪಕ್ಕ ಹಾಕುವ ಕೆಲಸವನ್ನು ನಿಜವಾಗಿ ಮಾಡಿದವರಿದ್ದಾರೆ. ಬೆತ್ಲೆಹೇಮ್ ಹತ್ತಿರದ ಬೇತ್ ಜಾಲಾದಲ್ಲಿ ಇಸ್ರೇಲಿನ ಡಾನ್ ಬಾರ್-ಓನ್, ಪ್ಯಾಲೆಸ್ಟೀನಿನ ಸಾಮಿ ಅದ್ವಾನ್ ಇಬ್ಬರೂ ಸೇರಿ ಎರಡೂ ಕಡೆಯ ಶಾಲಾ ಶಿಕ್ಷಕರನ್ನು ಕೂಡಿಸಿ ಪಠ್ಯ ಬರೆಸಿದರು. ಪುಟದ ಒಂದು ಕಡೆ ಇಸ್ರೇಲಿ ಚರಿತ್ರೆ, ಇನ್ನೊಂದು ಕಡೆ ಪ್ಯಾಲೆಸ್ಟೀನಿ ಚರಿತ್ರೆ, ನಡುವೆ ಮಕ್ಕಳು ಬರೆಯೋಕೆ ಖಾಲಿ ಜಾಗ. ಎರಡನೇ ಇಂತಿಫಾದಾ (ಪ್ಯಾಲೆಸ್ಟೀನಿಯರ ಬಂಡಾಯ) ನಡೆಯುತ್ತಿದ್ದ ದಿನಗಳಲ್ಲಿ ಈ ಕೆಲಸ. ಎರಡೂ ಕಡೆಯ ಶಿಕ್ಷಣ ಇಲಾಖೆಗಳು ಅದನ್ನು ಶಾಲೆಗೆ ಬಿಟ್ಟುಕೊಳ್ಳಲಿಲ್ಲ. ಈ ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಪೂರ್ತಿ ಹೊಂದಾಣಿಕೆ.

ಗೇಣಿದಾರನ_ಮಗ:

ಒಳ್ಳೆಯ ಕೆಲಸ. ಆದರೆ ಎಲ್ಲವನ್ನೂ ಎರಡು ಕಾಲಂ ಮಾಡೋಕೆ ಬರಲ್ಲ ಮೇಷ್ಟ್ರೇ. 1929ರಲ್ಲಿ ಹೆಬ್ರಾನ್‌ನಲ್ಲಿ 67 ಯಹೂದಿಗಳನ್ನು ಕೊಂದದ್ದು ಯಾರ ಕಾಲಂಗೆ? ಲಿಡ್ಡಾ ಆದೇಶ ಯಾರ ಕಾಲಂಗೆ? ಅವು ಎರಡೂ ಕಡೆ ಒಂದೇ ಥರ ಅಚ್ಚಾಗಬೇಕು.

ಇತಿಹಾಸ_ಮೇಷ್ಟ್ರು:

ಅದನ್ನು ಒಪ್ಪುತ್ತೇನೆ. ಅವರ ಶಿಕ್ಷಕರೂ ಜಗಳವಾಡಿದ್ದು ಇಂಥದ್ದಕ್ಕೇ. ಹೆಬ್ರಾನ್‌ನಲ್ಲಿ ಅರಬ್ ನೆರೆಯವರು ನೂರಾರು ಯಹೂದಿಗಳನ್ನು ಮನೆಯಲ್ಲಿ ಬಚ್ಚಿಟ್ಟು ಉಳಿಸಿದರು, ಅದನ್ನೂ ಸೇರಿಸಬೇಕಾಗುತ್ತದೆ.

ಕುಂದಾಪ್ರದ_ಸಿಸ್ಟರ್:

ಆ ಪುಸ್ತಕ ಇಂಗ್ಲಿಷ್‌ನಲ್ಲಿ ಸಿಗುತ್ತದಾ ಸರ್? ಅಜ್ಜಿಯ ಮೊಮ್ಮಗಳು ಇಲ್ಲಿ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಾಳೆ.

ಇತಿಹಾಸ_ಮೇಷ್ಟ್ರು:

2012ರಲ್ಲಿ ಇಂಗ್ಲಿಷ್‌ನಲ್ಲಿ ಬಂದಿದೆ. ಹೀಬ್ರೂ, ಅರಬ್ಬಿ ಎರಡರಲ್ಲೂ ಮೊದಲೇ ಬಂದಿತ್ತು. ಆಕೆ ಹೀಬ್ರೂದಲ್ಲೇ ಓದಲಿ, ಅಜ್ಜಿಗೆ ಅರಬ್ಬಿಯದ್ದು ಕೊಡಿ.